ಏಳಲೊಲ್ಲದ ಪೆಟ್ಟಿಗೆ

ಸೀಟು ಬಂತು! ನನ್ನ ಮೊಮ್ಮಗಳು ಮಾಯವ್ವನಿಗೆ ದನದ ಡಾಕ್ಟರ್ ಓದಲು ಬೀದರಿನಲ್ಲಿ ಸೀಟು ಬಂತು. ಐದಾರು ವರ್ಷ ಕಳೆದರೆ ನಮ್ಮ ಮನೆಯ ಹುಡುಗಿ ಕುರಿ, ಆಡು, ಎಮ್ಮೆ, ಎತ್ತುಗಳಿಗೆಲ್ಲ ಸೂಜಿ ಚುಚ್ಚುವ ಡಾಕ್ಟರಾಗುತ್ತಾಳೆ. ನಿನ್ನೆ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಅವಳ ಹೆಸರು ಬಂದಾಗಿನಿಂದ ಸಂಜೆಯ ತನಕ ನಾನು ಒಂದು ಕಡೆ ಕೂತಿಲ್ಲ. ಸಾವಳಗಿಯ ಬಸ್‌ಸ್ಟ್ಯಾಂಡಿನ ಹೋಟೆಲಿನಿಂದ ಪೇಢೆ ತಂದು ಓಣಿ ತುಂಬ ಹಂಚಿದೆ. ಜಮಖಂಡಿಗೆ ಹೊರಟು ನಿಂತಿದ್ದ ಬಸ್ಸಿನ ಕಿಟಕಿಯೊಳಗೆ ಕೈ ಹಾಕಿ, ಗುರುತು ಪರಿಚಯ ಇಲ್ಲದವರಿಗೂ ಒಂದೊಂದು ಕೊಟ್ಟೆ. "ಏನ್ ವಿಶೇಷರಿ ಅಜ್ಜಾರ?" ಎಂದು ಒಬ್ಬ ಹೆಣ್ಣುಮಗಳು ಕೇಳಿದಳು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬಸ್ಸು ಹೋಯಿತು. ಆ ಡ್ರೈವರನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅರ್ಧ ನಿಮಿಷ ನಿಲ್ಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಸಿಟ್ಟು ನನ್ನ ಹುಟ್ಟುಗುಣ. ನಗಬೇಕಾದಲ್ಲಿಯೂ ಮೊದಲು ಬೈದು ಆಮೇಲೆ ನಗುವವನು ನಾನು. ಲೋಕಾಪುರದಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿ ಸುದ್ದಿ ಹೇಳಿದರೆ ಅವಳು ಏನೆನ್ನಬೇಕು?

"ದನದ ಡಾಕ್ಟರಽ? ಮನಷ್ಯಾರದು ಸಿಗಲಿಲ್ಲೇನೋ ಯಣ್ಣಾ?"

"ನಿನ್ನ ಗಂಡಗ ಜ್ವರಾ ಬಂದ್ರ ಈಕೀನಽ ಕಳಸ್ತೇನಿ ತಗೋ. ಅಂವಗ ಇದಽ ಡಾಕ್ಟರ್ ಬೇಕು" ಎಂದು ಫೋನ್ ಇಟ್ಟುಬಿಟ್ಟೆ.

ಆದರೆ ನನ್ನ ನಿಜವಾದ ಸಿಟ್ಟು ಡ್ರೈವರನ ಮೇಲೂ ಅಲ್ಲ, ತಂಗಿಯ ಮೇಲೂ ಅಲ್ಲ. ಈ ಸೀಟು ಇನ್ನೇನು ಕೈತಪ್ಪಿ ಹೋಗುವುದರಲ್ಲಿತ್ತು. ಕೈತಪ್ಪಿಸಲು ಹೊರಟಿದ್ದು ನಮ್ಮ ಮನೆಯ ಕಂಪ್ಯೂಟರ್. ನಾನು ಇದನ್ನು ಬರೆಯುತ್ತಿರುವಾಗಲೂ ಅದು ನನ್ನ ಎದುರಿಗೇ, ಪಡಸಾಲೆಯ ಮೂಲೆಯಲ್ಲಿ, ಏನೂ ಮಾಡದವರ ಹಾಗೆ ಗುಂಯ್ ಎನ್ನುತ್ತ ಕೂತಿದೆ. ನೋಡಿದರೆ ಮೈ ಉರಿಯುತ್ತದೆ.

ಅದು ನಮ್ಮ ಮನೆಗೆ ಬಂದ ದಿನವೂ ನಾನು ಸಿಟ್ಟು ಮಾಡಿದ್ದೆ. ನನ್ನ ಮಗ ಸಿದ್ದಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುತ್ತಾನೆ. ಅಲ್ಲಿ ಹೊಸ ಕಂಪ್ಯೂಟರುಗಳು ಬಂದಾಗ ಹಳೆಯವನ್ನು ಕೆಲಸಗಾರರಿಗೇ ಕೊಟ್ಟರಂತೆ. ಇವನು ಒಂದನ್ನು ಕಬ್ಬಿನ ಟ್ರ್ಯಾಕ್ಟರಿನ ಮೇಲೆ, ಕಬ್ಬಿನ ಸೋಗೆಯ ನಡುವೆ ಇಟ್ಟುಕೊಂಡು ತಂದ. ನಾನು ಎಮ್ಮೆ ಬಂದಿತೋ ಏನೋ ಎಂದು ಹಗ್ಗ ಹಿಡಿದುಕೊಂಡು ಓಡಿದೆ.

"ಇದೇನಲೇ ಇದು?"

"ಕಂಪ್ಯೂಟರ್ ಯಪ್ಪಾ. ಮಾಯವ್ವನ ಓದಿಗೆ ಬೇಕಾಗ್ತೈತಿ."

"ಹಾಲು ಕೊಡ್ತೈತೇನು?"

"ಇಲ್ಲ."

"ಗೊಬ್ಬರಾ?"

ಸಿದ್ದಪ್ಪ ಸೋಗೆ ಸರಿಸಿ ಅದನ್ನು ಇಳಿಸತೊಡಗಿದ. ಅವನು ತೀರಿಹೋದ ತನ್ನ ಅವ್ವನ ಹಾಗೆ. ನಾನು ಕೂಗುವಷ್ಟು ಹೊತ್ತು ಕಿವಿ ಮುಚ್ಚಿಕೊಂಡು, ಆಮೇಲೆ ತನ್ನ ಕೆಲಸ ತಾನು ಮಾಡಿ ಮುಗಿಸುತ್ತಾನೆ. ಹೀಗೆ ಪಡಸಾಲೆಯ ಮೂಲೆಯಲ್ಲಿ ಅದಕ್ಕೊಂದು ಮೇಜು ಬಂತು. ಮೇಜಿನ ಮೇಲೆ ಮುಖ, ಪಕ್ಕದಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಅವರೆಲ್ಲ ಏನೋ ಮೂರು ಅಕ್ಷರದ ಹೆಸರು ಹೇಳುತ್ತಿದ್ದರು. ನನ್ನ ಲೆಕ್ಕದಲ್ಲಿ ಅದು ಹೊಟ್ಟೆ. ಮುಖ ಎಷ್ಟೇ ಚಂದ ಇರಲಿ, ಪಶುವಿನ ಎಲ್ಲ ರೋಗವೂ ಹೊಟ್ಟೆಯಲ್ಲೇ ಇರುವುದು.

ನಾನು ಓದಿದ್ದು ನಾಲ್ಕನೆಯ ಇಯತ್ತೆ, ಅದೂ ಪೂರ್ತಿ ಅಲ್ಲ. ನಮ್ಮ ಮೂಲ ಊರು ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆ, ಕೃಷ್ಣೆಯ ದಂಡೆಯ ಮೇಲಿತ್ತು. ಶಾಲೆ ನಡೆಯುತ್ತಿದ್ದದ್ದು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ. ಒಳಗೆ ದೇವರು, ಹೊರಗೆ ಮಾಸ್ತರು. ಇಬ್ಬರಿಗೂ ಹೆದರುತ್ತಿದ್ದೆವು. ದೇವರು ಹೊಡೆಯುತ್ತಿರಲಿಲ್ಲ, ಅಷ್ಟೇ ಫರಕು. ಅಪ್ಪ ಕಾಲು ಮುರಿದುಕೊಂಡ ವರ್ಷ ಕುರಿ ಕಾಯಲು ನನ್ನನ್ನು ಶಾಲೆ ಬಿಡಿಸಿದರು. ಮುಂದೆ ಎಷ್ಟೋ ವರ್ಷಕ್ಕೆ ಆಣೆಕಟ್ಟಿನ ಹಿನ್ನೀರು ಊರಿನೊಳಗೆ ಬಂತು. ದೇವರನ್ನು ಮೊದಲೇ ಎತ್ತಿಕೊಂಡು ಬಂದಿದ್ದೆವು. ದಿಬ್ಬದ ಮೇಲೆ ನಿಂತು ಎಲ್ಲರೂ ಅತ್ತರು, ನಾನೂ ಅತ್ತೆ. ಆದರೆ ಖರೆ ಹೇಳಬೇಕೆಂದರೆ, ಮಾಸ್ತರು ನನ್ನನ್ನು ಬಗ್ಗಿಸಿ ನಿಲ್ಲಿಸುತ್ತಿದ್ದ ಮೂಲೆಗೆ ನೀರು ಏರಿದ್ದನ್ನು ನೋಡಿ ನನಗೆ ಒಂದು ಗಳಿಗೆ ಬಹಳ ಸಮಾಧಾನವಾಗಿತ್ತು. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳಿದೆ.

ಅಲ್ಲಿಂದ ಕುರಿಗಳನ್ನು ಹೊಡೆದುಕೊಂಡು ಈ ಸಾವಳಗಿಗೆ, ನನ್ನ ಹೆಂಡತಿಯ ತವರಿಗೆ ಬಂದೆವು. ಮಾಯವ್ವನಿಗೆ ಏಳು ವರ್ಷವಿದ್ದಾಗ ಒಂದು ಮಳೆಗಾಲ ಕುರಿಗಳಿಗೆ ರೋಗ ಬಂತು. ಬಾಯಿ ಊದಿಕೊಳ್ಳುತ್ತಿತ್ತು, ನಾಲಿಗೆ ನೀಲಿಗಟ್ಟುತ್ತಿತ್ತು. ಹತ್ತಾರು ಊರಿಗೆ ಒಬ್ಬನೇ ಡಾಕ್ಟರು. ಪಾಪ, ಅವನಾದರೂ ಎಷ್ಟು ಕಡೆ ಓಡಬೇಕು? ಮೂರನೆಯ ದಿನ ಬಂದ. ಅಷ್ಟರಲ್ಲಿ ಅರ್ಧ ಹಟ್ಟಿ ಖಾಲಿಯಾಗಿತ್ತು. ಮಾಯವ್ವ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅದು ಹೋಗಿ ಬಹಳ ಹೊತ್ತಾಗಿತ್ತು, ಅವಳಿಗೆ ಗೊತ್ತಾಗಿರಲಿಲ್ಲ. ತಲೆ ಎತ್ತಿ ಆ ಡಾಕ್ಟರನನ್ನು ಕೇಳಿದಳು: "ನೀವು ನಿನ್ನೇನಽ ಯಾಕ ಬರಲಿಲ್ಲರಿ?" ಆತ ಟೋಪಿ ತೆಗೆದ. ಅವತ್ತಿನಿಂದ ಆ ಹುಡುಗಿಗೆ ಒಂದೇ ಹಟ. ಹತ್ತನೆಯ ಇಯತ್ತೆಯಲ್ಲಿ ಕೇಳಿ, ಕಾಲೇಜಿನಲ್ಲಿ ಕೇಳಿ, ಕನಸಿನಲ್ಲಿ ಕೇಳಿ: ದನದ ಡಾಕ್ಟರ್.

ಹೀಗಾಗಿ ತಿಂಗಳ ಹಿಂದೆ ಪರೀಕ್ಷೆಯ ರ‍್ಯಾಂಕು ಬಂದ ದಿನ ನಾನು ಆ ಕಂಪ್ಯೂಟರನ್ನು ಮೊದಲ ಸಲ ಪ್ರೀತಿಯಿಂದ ನೋಡಿದೆ. "ಅಜ್ಜಾ, ಇಷ್ಟು ರ‍್ಯಾಂಕಿಗೆ ಸೀಟು ಸಿಗ್ತೈತಿ. ನಾವು ಬರೇ ಸರಿಯಾಗಿ ಕಾಲೇಜು ಆರಿಸಿ ತುಂಬಬೇಕು" ಎಂದಳು ಮಾಯವ್ವ. ನಾನು ದೇವರ ಜಗುಲಿಯ ಮೇಲಿದ್ದ ಭಂಡಾರದ ಚೀಲಕ್ಕೆ ಕೈ ಹಾಕಿದೆ. ನಮ್ಮ ಬೀರಪ್ಪನಿಗೆ ಅರಿಸಿನದ ಪುಡಿಯೇ ಪ್ರಸಾದ, ಅದನ್ನೇ ಭಂಡಾರ ಎನ್ನುತ್ತೇವೆ. ಸಂತೋಷವಾದಾಗ ಅದನ್ನು ಮುಷ್ಟಿಯಲ್ಲಿ ಹಿಡಿದು ಹಾರಿಸಬೇಕು, ಚಿಟಿಕೆಯಲ್ಲಿ ಹಚ್ಚಿದರೆ ಸಾಲದು. "ಬೀರಪ್ಪಾ, ಚಾಂಗಭಲೋ!" ಎಂದು ಕೂಗಿ ಮಾಯವ್ವನ ಮೇಲೊಂದು ಮುಷ್ಟಿ, ಕಂಪ್ಯೂಟರಿನ ಮೇಲೊಂದು ಮುಷ್ಟಿ ಹಾರಿಸಿದೆ. ಶುಭ ಸುದ್ದಿ ತಂದ ಪಶುವಿಗೆ ಪೂಜೆ ಮಾಡದಿದ್ದರೆ ಹೇಗೆ? ಆಮೇಲೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದರ ಹೊಟ್ಟೆಗೆ ಒಂದು ಚಿಟಿಕೆ. ಆಷಾಢದ ಗಾಳಿ ಬೀಸುತ್ತಿತ್ತು, ಓಣಿಯ ಧೂಳೆಲ್ಲ ಪಡಸಾಲೆಗೆ. ಮಾಯವ್ವ ಓದು ಮುಗಿಸಿ ಎದ್ದಳೆಂದರೆ ನನ್ನ ಕರಿ ಕಂಬಳಿಯನ್ನು ತಂದು ಪೆಟ್ಟಿಗೆಗೆ ಬೆಚ್ಚಗೆ ಹೊದಿಸಿಬಿಡುತ್ತಿದ್ದೆ. ಅವಳು ಕೂತಾಗಲೂ ಮುಂದಿನ ಗುಂಡಿಯಷ್ಟು ಬಿಟ್ಟು ಉಳಿದದ್ದನ್ನು ಮುಚ್ಚುತ್ತಿದ್ದೆ. ಎಂಥ ಮುತುವರ್ಜಿ ನೋಡಿರಿ.

ಎಂಟು ಹತ್ತು ದಿನ ಕಳೆದಿರಬೇಕು. ಕಾಲೇಜು ಆರಿಸಿ ತುಂಬಲು ಇನ್ನು ಮೂರೇ ದಿನ ಉಳಿದಿತ್ತು. ಅಪ್ಪ ಮಗಳು ಕೂತು ಯಾವುದು ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಹಾಕಿ, ಪಟ್ಟಿ ಮಾಡಿ, ಆ ಪಟ್ಟಿಯನ್ನೂ, ಸರಕಾರದವರು ಕೊಟ್ಟ ಗುಟ್ಟಿನ ಅಕ್ಷರಗಳನ್ನೂ ಆ ಪೆಟ್ಟಿಗೆಯೊಳಗೇ ಬರೆದಿಟ್ಟಿದ್ದರು. ಒಂದು ಹಾಳೆಯ ಮೇಲೆ ಬರೆದು ಜಂತಿಗೆ ಸಿಗಿಸಿದ್ದರೆ ಏನಾಗುತ್ತಿತ್ತು? ಕಲಿತವರಿಗೆ ಹಾಳೆಯೆಂದರೆ ನಾಚಿಕೆ.

ಅವತ್ತು ಮಾಯವ್ವ ಗುಂಡಿ ಒತ್ತಿದಳು. ಮೊದಲೆಲ್ಲ ಒಲೆಯ ಮೇಲಿನ ಚಹಾ ಒಂದು ಕುದಿ ಬರುವುದರೊಳಗೆ ಮುಖ ಬೆಳಗಿ ಕೆಲಸಕ್ಕೆ ತಯಾರಾಗುತ್ತಿದ್ದ ಕಂಪ್ಯೂಟರ್, ಅವತ್ತು ನಾನು ಎರಡು ಎಮ್ಮೆ ಹಿಂಡಿ ಬಂದರೂ ಎದ್ದಿರಲಿಲ್ಲ. ಒಂದು ಚಕ್ರ ತಿರುಗುತ್ತಲೇ ಇತ್ತು.

"ಏನ ಆಗೈತಬೇ ಇದಕ್ಕ?"

"ಗೊತ್ತಿಲ್ಲಜ್ಜಾ. ಏಕದಮ್ ಮಂದ ಆಗೈತಿ."

ಸಿದ್ದಪ್ಪ ಬಂದು ನೋಡಿದ. "ಹಳೇದೈತಲ್ಲ ಯಪ್ಪಾ, ವಯಸ್ಸಾತು" ಎಂದ. ವಯಸ್ಸಾದವರು ತಡವಾಗಿ ಏಳುತ್ತಾರೆಂದು ನನ್ನೆದುರಿಗೆ ಹೇಳುತ್ತಾನೆ! ನಾನು ದಿನಾ ಕೋಳಿಗಿಂತ ಮೊದಲು ಏಳುವವನು.

ಮಾಯವ್ವ ಸುಮ್ಮನೆ ಕೂಡುವವಳಲ್ಲ. ಕಂಪ್ಯೂಟರ್ ಏಳುವಾಗ ಅದರ ಬೆನ್ನು ಹತ್ತಿ ತಾವೂ ಏಳುವ ಕೆಲಸಗಳು ಒಂದಿಷ್ಟು ಇರುತ್ತವಂತೆ. ಅಪ್ಪನ ಇಸ್ಪೀಟು ಆಟ, ಹಾಡು ಹಚ್ಚುವುದೊಂದು, ಕಾರ್ಖಾನೆಯ ಕಾಲದ ತೂಕದ ಲೆಕ್ಕವೊಂದು. ಅವನ್ನೆಲ್ಲ ಒಂದೊಂದಾಗಿ ಹುಡುಕಿ, "ನೀವು ಏಳಬ್ಯಾಡ್ರಿ" ಎಂದು ಮಲಗಿಸಿದಳು. ಬೇಡದ ಕಡತಗಳನ್ನು ಅಳಿಸಿದಳು. ರೋಗದ ಹುಳ ಇದೆಯೇ ಎಂದು ನೋಡಿದಳು. ಇಲ್ಲ. ಮತ್ತೆ ಆರಿಸಿ ಹಚ್ಚಿದಳು. ಮತ್ತಷ್ಟು ಮಂದ.

ಆಗ ನಾನು ನನ್ನ ವಿದ್ಯೆ ತೆಗೆದೆ. ಬೆಳಿಗ್ಗೆ ಹಟ್ಟಿಯಲ್ಲಿ ಎಲ್ಲ ಎದ್ದ ಮೇಲೂ ಒಂದು ಕುರಿ ಏಳದೆ ಉಳಿಯಿತೆಂದರೆ ನಾವು ಕೋಲು ಎತ್ತುವುದಿಲ್ಲ. ಮೊದಲು ಕಿವಿ ಹಿಡಿದು ನೋಡುತ್ತೇವೆ, ಆಮೇಲೆ ಕಣ್ಣಿನ ಒಳರೆಪ್ಪೆ, ಗೊರಸಿನ ಸಂದು. ಕೊನೆಗೆ ಹೊಟ್ಟೆಗೆ ಕಿವಿ ಇಟ್ಟು ಕೇಳುತ್ತೇವೆ. ನಾನು ಪೆಟ್ಟಿಗೆಗೆ ಕೈ ಇಟ್ಟೆ. ಕಾದ ಹಂಚಿನ ಹಾಗೆ ಬಿಸಿ.

"ಇದಕ್ಕ ಜ್ವರಾ ಬಂದೈತಿ" ಎಂದೆ.

ಅಪ್ಪ ಮಗಳು ಇಬ್ಬರೂ ನಕ್ಕರು. ನಗಲಿ. ಜ್ವರ ಇದ್ದದ್ದು ಖರೆಯೇ ಆಗಿತ್ತು ಎಂದು ಈಗ ಎದೆ ತಟ್ಟಿ ಹೇಳುತ್ತೇನೆ. ಆದರೆ ಜ್ವರ ಬಂದ ಕುರಿಗೆ ನಾವು ಏನು ಮಾಡುತ್ತೇವೋ ಅದನ್ನೇ ನಾನು ಇದಕ್ಕೂ ಮಾಡಿದೆ: ಎಲ್ಲರೂ ಆಚೆ ಹೋದ ಮೇಲೆ ಇನ್ನೊಂದು ಕಂಬಳಿ ಹೊದಿಸಿದೆ. ಬೆವರಿ ಇಳಿಯಲಿ ಎಂದು.

ಮರುದಿನ ಅದು ಅರ್ಧ ಎದ್ದು, ಮುಖ ನೀಲಿ ಮಾಡಿಕೊಂಡು, ತನ್ನಷ್ಟಕ್ಕೆ ತಾನೇ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಅದೇ. ಪಟ್ಟಿ ಒಳಗೆ, ಗುಟ್ಟಿನ ಅಕ್ಷರ ಒಳಗೆ, ಹೊರಗೆ ನಾವು. ಮಾಯವ್ವನ ಮುಖ ನೋಡಿದೆ. ಏಳು ವರ್ಷದವಳಿದ್ದಾಗ ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ ಮುಖವೇ.

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದಾಗ ನನಗೆ ಎದುರಿಗೆ ಒಬ್ಬ ಕಳ್ಳ ಬೇಕು. ಪಡಸಾಲೆಯ ಪಕ್ಕದಲ್ಲೇ ಅಡುಗೆಮನೆ. ನಡುವೆ ಬಾಗಿಲಿಲ್ಲ. ಅಲ್ಲಿ ನನ್ನ ಸೊಸೆ ಶಾಂತವ್ವ ರೊಟ್ಟಿ ಬಡಿಯುತ್ತಿದ್ದಳು. ಜೋಳದ ಹಿಟ್ಟು ಬಿಸಿಲುಕೋಲಿನಲ್ಲಿ ಸಣ್ಣಗೆ ಹಾರುತ್ತಿತ್ತು. ಸಿಕ್ಕಿತಲ್ಲ!

"ಶಾಂತವ್ವಾ! ನಿನ್ನ ಹಿಟ್ಟು ಇದರ ಹೊಟ್ಟ್ಯಾಗ ಹೋಗಿ ಕಣಕ ಆಗೈತಿ! ದಿನಾ ಇಪ್ಪತ್ತು ರೊಟ್ಟಿ ಬಡೀತಿ, ಅರ್ಧ ಹಿಟ್ಟು ನಮ್ಮ ಹೊಟ್ಟಿಗೆ, ಅರ್ಧ ಕಂಪ್ಯೂಟರಿಗೆ! ಮಗಳ ಬಾಳೇ ಹಾಳ ಮಾಡಾಕ ಕುಂತೀಯಲ್ಲ!"

ಕೊನೆಯ ಮಾತು ಆಡಬಾರದಾಗಿತ್ತು. ಶಾಂತವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಬೇಯಿಸಿ, ಬುಟ್ಟಿಗೆ ಇಟ್ಟಳು. ಆಮೇಲೆ ಹಿಟ್ಟಿನ ಪರಾತ, ಹಂಚು, ಕೊಳವೆ ಎಲ್ಲ ಎತ್ತಿಕೊಂಡು ಹಿತ್ತಲಿಗೆ ಹೋದಳು. ಎಮ್ಮೆ ಕಟ್ಟುವ ತಗಡಿನ ಚಪ್ಪರದ ಕೆಳಗೆ ಮೂರು ಕಲ್ಲು ಹೂಡಿ ಅಲ್ಲೇ ಒಲೆ ಹಚ್ಚಿದಳು. ಅವತ್ತಿನಿಂದ ಅಡುಗೆ ಅಲ್ಲೇ. ಊಟ ಬಡಿಸಲು ಮಾತ್ರ ಒಳಗೆ ಬರುತ್ತಿದ್ದಳು.

ಮಧ್ಯಾಹ್ನ ಇಲ್ಲೇ ಹತ್ತಿರದ ಒಬ್ಬ ರಿಪೇರಿಯವನನ್ನು ಸಿದ್ದಪ್ಪ ಕರೆತಂದ. ಬಂದವನು ಪೆಟ್ಟಿಗೆಯನ್ನು ಮುಟ್ಟಿ ಕೂಡ ನೋಡಲಿಲ್ಲ. ಎರಡು ಸಲ ಹಚ್ಚಿ ಆರಿಸಿ, "ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕ್ರಿ" ಎಂದ.

"ಎಲ್ಲಾ ಅಂದ್ರ?"

"ಒಳಗಿದ್ದದ್ದು ಎಲ್ಲಾ ಹೋಗ್ತೈತ್ರಿ. ಸಾಫ್."

"ನಿನ್ನ ನೆನಪೆಲ್ಲಾ ಅಳಿಸಿದ್ರ ನೀ ಚುರುಕ ಆಗ್ತೀಯೇನಲೇ?" ಎಂದೆ. ಅವನು ಚಹಾ ಕುಡಿಯದೆ ಹೋದ. ಒಳ್ಳೆಯದೇ ಆಯಿತು, ಚಹಾ ಉಳಿಯಿತು.

"ನಾನಽ ಬಿಚ್ಚಿ ನೋಡ್ತೇನಿ ಅಜ್ಜಾ, ನಾಲ್ಕು ತಿರುಪು ಅದಾವು ಅಷ್ಟ" ಎಂದಳು ಮಾಯವ್ವ. ನಾನು ಅಡ್ಡ ನಿಂತೆ. ಭಂಡಾರ ಹಚ್ಚಿದ ಪಶುವಿನ ಹೊಟ್ಟೆ ಕೊಯ್ಯುವುದೇ? ಮನೆಯಲ್ಲಿ ಆಗದು ಎಂದೆ. ನೋಡಿರಿ, ಅವತ್ತೇ ಬಿಚ್ಚಲು ಬಿಟ್ಟಿದ್ದರೆ ಒಂದು ದಿನ ಉಳಿಯುತ್ತಿತ್ತು. ನನ್ನ ಹಟಕ್ಕೆ ಅದೂ ಹೋಯಿತು.

ಉಳಿದದ್ದು ಕೊನೆಯ ದಿನ, ಸಂಜೆ ಐದರ ತನಕ. ಬೆಳಗಿನ ಬಸ್ಸಿಗೆ ನಾನು ಮತ್ತು ಮಾಯವ್ವ ಜಮಖಂಡಿಗೆ ಹೊರಟೆವು. ಪೆಟ್ಟಿಗೆಗೆ ಏಟು ಬೀಳಬಾರದೆಂದು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಕಂಡಕ್ಟರು ಬಂದು ಗಂಟನ್ನು ನೋಡಿದ.

"ಏನರಿ ಕಾಕಾ, ಕುರಿಮರೀನ?"

"ಅಲ್ಲ, ಕಂಪ್ಯೂಟರ್."

"ಹಂಗಾದ್ರ ಲಗೇಜ್ ಚೀಟಿ ತಗೋರಿ."

"ಮರಿಗಾದ್ರ?"

"ಮರಿಗೂ ತಗೋಬೇಕ್ರಿ."

"ಮತ್ತ ಯಾಕ ಕೇಳಿದಿ?" ಎಂದೆ. ಬಸ್ಸಿನ ಜನ ನಕ್ಕರು. ಮಾಯವ್ವ ಮಾತ್ರ ನಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ತುಟಿ ಕಚ್ಚಿಕೊಂಡು ಕೂತಿದ್ದಳು. ಅವಳ ಮನಸ್ಸು ಗಡಿಯಾರದಲ್ಲಿತ್ತು.

ಜಮಖಂಡಿಯಲ್ಲಿ ಬಾಬುಸಾಬ ಎಂಬಾತನ ಅಂಗಡಿ. ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ. ನನ್ನ ರೇಡಿಯೋವನ್ನು ಆತ ಮೂರು ಸಲ ಸಾವಿನಿಂದ ಎತ್ತಿದ್ದಾನೆ. ಕಾಲ ಬದಲಾದ ಮೇಲೆ ಆತ ಕಂಪ್ಯೂಟರ್ ಕಲಿತ. ಮೊಮ್ಮಗಳ ಸೀಟಿನ ಸಂಗತಿ ಹೇಳುತ್ತ ನಾನು ಕಂಬಳಿ ಬಿಚ್ಚಿದೆ. ಆತ ಪೆಟ್ಟಿಗೆಯನ್ನು ಬಿಟ್ಟು ಕಂಬಳಿಯನ್ನು ನೋಡಿದ. ಕಂಬಳಿಯನ್ನು ಬಿಟ್ಟು ನನ್ನ ಹಣೆಯ ಮೇಲಿನ ಅರಿಸಿನವನ್ನು ನೋಡಿದ. ಮುಟ್ಟುವುದಕ್ಕಿಂತ ಮೊದಲು ಪ್ರಶ್ನೆ ಕೇಳಿದ. ಈತ ಡಾಕ್ಟರ್.

"ಇದನ್ನ ಎಲ್ಲಿ ಇಡ್ತೀರಿ ಕಾಕಾ?"

"ಪಡಸಾಲ್ಯಾಗ. ಬಾಜೂಕ ಅಡಗಿಮನಿ. ನಮ್ಮ ಸೊಸಿ ಹಿಟ್ಟು..."

"ಸೊಸೀದು ಬಿಡ್ರಿ. ಇದಕ್ಕ ಏನರ ಹೊಚ್ಚತೀರೇನು?"

ನಾನು ಕಂಬಳಿಯನ್ನು ಮಡಿಸಿ ಕಂಕುಳಿಗೆ ಸೇರಿಸಿದೆ. ಆತ ಮಾಯವ್ವನ ಕೈಗೆ ತಿರುಪುಳಿ ಕೊಟ್ಟ. "ತಂಗಿ, ನೀನಽ ಬಿಚ್ಚು. ನಾಳೆ ಡಾಕ್ಟರ್ ಆಗಾಕಿ, ಹೊಟ್ಟಿ ನೋಡಾಕ ಅಂಜಬಾರದು."

ಮಾಯವ್ವ ನಾಲ್ಕು ತಿರುಪು ಬಿಚ್ಚಿ ಪಕ್ಕದ ತಗಡು ಸರಿಸಿದಳು. ಒಳಗೆಲ್ಲ ಹಳದಿ. ನಡುವೆ ಒಂದು ಸಣ್ಣ ಪಂಖ, ಪಂಖದ ಕೆಳಗೆ ಲೋಹದ ಹಲ್ಲುಗಳು. ಆ ಹಲ್ಲುಗಳ ಸಂದಿಯಿಂದ ಬಾಬುಸಾಬ ಚಿಮಟಿಗೆಯಲ್ಲಿ ಹಿಡಿದು ಏನನ್ನೋ ಎಳೆದ. ಬಂತು, ಬಂತು, ಪೂರ್ತಿ ಅಂಗೈ ಅಗಲ ಬಂತು. ದಪ್ಪ, ಮೆತ್ತಗೆ, ಹಳದಿ ಬಣ್ಣ. ನನ್ನ ಅಂಗೈಯ ಮೇಲೆ ಇಟ್ಟ.

ಅರವತ್ತು ವರ್ಷ ಕುರಿಯ ಬೆನ್ನು ಹಿಡಿದ ಕೈ ಇದು. ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಉಣ್ಣೆ. ಜೋಳದ ಹಿಟ್ಟಿನ ಒಂದು ಕಾಳೂ ಅಲ್ಲ. ನನ್ನ ಕುರಿಯ ಉಣ್ಣೆ, ನನ್ನ ಕಂಬಳಿಯ ಎಳೆ, ನನ್ನ ಮುಷ್ಟಿಯ ಭಂಡಾರ.

"ಕಾಕಾ, ರೇಡಿಯೋದಾಗ ಜೊಂಡಿಗ ನೋಡೇನಿ, ಇಲಿಮರಿ ನೋಡೇನಿ" ಎಂದ ಬಾಬುಸಾಬ. "ಕಂಪ್ಯೂಟರಿನಾಗ ಕಂಬಳಿ ನೇದವರನ್ನ ಇವತ್ತಽ ನೋಡಿದೆ."

ಆತ ವಿವರಿಸಿದ. ಈ ಪಂಖ ಹೊರಗಿನ ತಂಪು ಗಾಳಿಯನ್ನು ಒಳಗೆಳೆದು ಅದರ ಮಿದುಳನ್ನು ಆರಿಸುತ್ತದೆ. ಗಾಳಿಯ ದಾರಿ ಕಟ್ಟಿದರೆ ಮಿದುಳು ಕಾಯುತ್ತದೆ. ಕಾದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ಮಂದವಾಗುತ್ತದೆ, ಇನ್ನೂ ಕಾದರೆ ಆರಿಹೋಗುತ್ತದೆ. "ಬ್ಯಾಸಗಿ ಬಿಸಲಾಗ ಕುರಿ ನಡೀಲಾರದ ಒಂದರ ಹೊಟ್ಟಿ ಕೆಳಗ ಒಂದು ತಲಿ ಹಾಕಿ ನಿಂದರ್ತಾವಲ್ಲ ಕಾಕಾ, ಹಂಗ. ನೀವು ಆ ಬಿಸಲಾಗ ಮ್ಯಾಲ ಎರಡು ಕಂಬಳಿ ಹೊಚ್ಚೀರಿ."

ನನಗೆ ಇದಕ್ಕಿಂತ ಸ್ಪಷ್ಟವಾಗಿ ಯಾವ ಮಾಸ್ತರನೂ ಪಾಠ ಹೇಳಿರಲಿಲ್ಲ. ಸಿಟ್ಟು ಮಾಡಲು ಸುತ್ತಲೂ ನೋಡಿದೆ. ಯಾರೂ ಉಳಿದಿರಲಿಲ್ಲ. ಎಂಥ ಸಂಕಟ ಗೊತ್ತೇ ಅದು?

ಬಾಬುಸಾಬ ಕುಂಚದಿಂದ ಭಂಡಾರವನ್ನೆಲ್ಲ ಒಂದು ಹಾಳೆಗೆ ಗುಡಿಸಿ, ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟ. "ದೇವರದು. ಕಸದಾಗ ಹಾಕಾಕ ಬರೂದಿಲ್ಲ." ಪಂಖ ಒರೆಸಿದ, ಊದುವ ಯಂತ್ರದಿಂದ ಊದಿದ, ಮಿದುಳಿನ ಮೇಲೆ ಬಿಳಿ ಮುಲಾಮಿನಂಥದ್ದು ಹಚ್ಚಿದ. ತನ್ನ ಅಂಗಡಿಯ ಮುಖಕ್ಕೆ ನಮ್ಮ ಹೊಟ್ಟೆಯನ್ನು ಜೋಡಿಸಿ ಗುಂಡಿ ಒತ್ತಿದ. ಚಹಾ ಹೇಳಿ ಬಂದಿದ್ದೆ. ಚಹಾ ಬರುವುದರೊಳಗೆ ಕಂಪ್ಯೂಟರ್ ಎದ್ದಿತ್ತು.

ಬಿಚ್ಚಿ, ಒರೆಸಿ, ಜೋಡಿಸುವುದರೊಳಗೆ ಗಂಟೆ ಎರಡೂವರೆ ಆಗಿತ್ತು. ಮಾಯವ್ವ ಪಟ್ಟಿ ತೆರೆದಳು, ಗುಟ್ಟಿನ ಅಕ್ಷರ ತೆಗೆದಳು. ಕೊನೆಯ ದಿನವಲ್ಲವೇ, ಸರಕಾರದ ಕಡೆಯಿಂದಲೂ ಎಲ್ಲ ನಿಧಾನ. ಒಂದೊಂದು ಸಾಲು ತುಂಬಲು ಒಂದೊಂದು ಯುಗ. ನಾನು ಅವಳ ಹಿಂದೆ ನಿಂತು ಪ್ರತಿ ಸಾಲಿಗೂ ಉಸಿರು ಹಿಡಿಯುತ್ತಿದ್ದೆ. "ಅಜ್ಜಾ, ಕುತ್ತಿಗಿ ಮ್ಯಾಲ ಉಸರ ಬಿಡಬ್ಯಾಡ" ಎಂದಳು. ನಾಲ್ಕೂ ಇಪ್ಪತ್ತಕ್ಕೆ ಕೊನೆಯ ಗುಂಡಿ ಒತ್ತಿ, ಕುರ್ಚಿಗೆ ಒರಗಿ, ಅತ್ತಳು. ಮೂರು ದಿನ ಹಿಡಿದಿಟ್ಟದ್ದನ್ನೆಲ್ಲ ಅತ್ತಳು. ಬಾಬುಸಾಬ ಎದ್ದು ಹೊರಗೆ ಹೋಗಿ ಸುಮ್ಮನೆ ರಸ್ತೆ ನೋಡುತ್ತ ನಿಂತ.

ಬಸ್ಸಿನಲ್ಲಿ ಬರುವಾಗ ನಾನು ಮಾಯವ್ವನಿಗೆ ಹೇಳಿದೆ: "ಮನ್ಯಾಗ ಹೇಳಬ್ಯಾಡ."

"ಏನಂತ?"

"ಉಣ್ಣೀದು."

ಅವಳು ನನ್ನನ್ನು ನೋಡಿದಳು. "ಯವ್ವಾ ತಗಡಿನ ಕೆಳಗ ಕುಂತು ರೊಟ್ಟಿ ಬಡ್ಯಾಕತ್ತಾಳ ಅಜ್ಜಾ."

"ನಾನಽ ಹೇಳ್ತೇನಿ. ನಾಳಿ ಹೇಳ್ತೇನಿ."

ನಾಳೆ ಹೇಳಲಿಲ್ಲ. ಅದರ ಮರುದಿನವೂ ಇಲ್ಲ. ಹಿತ್ತಲ ಬಾಗಿಲ ತನಕ ಹೋಗುತ್ತಿದ್ದೆ. ತಗಡಿನ ಕೆಳಗೆ, ಹೊಗೆಯ ನಡುವೆ, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತ ಶಾಂತವ್ವ ಕೂತಿರುತ್ತಿದ್ದಳು. ಮಾತು ಬಾಯಿಗೆ ಬರುತ್ತಿತ್ತು, ಬಂದ ಕೂಡಲೇ ಸಿಟ್ಟಾಗುತ್ತಿತ್ತು. "ಎಮ್ಮಿಗೆ ನೀರ ಇಟ್ಟೀಯೋ ಇಲ್ಲೋ?" ಎಂದು ಕೂಗಿ ತಿರುಗಿ ಬರುತ್ತಿದ್ದೆ. ಹೀಗೇ ಇಪ್ಪತ್ತು ದಿನ. ತಪ್ಪಾಯಿತು ಎನ್ನುವ ಮಾತನ್ನು ನಾನು ಯಾವ ಇಯತ್ತೆಯಲ್ಲೂ ಕಲಿತಿರಲಿಲ್ಲ.

ಹೀಗಿರುವಾಗ ನಿನ್ನೆ ಸೀಟು ಬಂತು. ಸಂಜೆ ಶಾಂತವ್ವ ಹೋಳಿಗೆ ಮಾಡಿದಳು, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಬಿಸಿ ರೊಟ್ಟಿ. ಎಲ್ಲವೂ ಆ ತಗಡಿನ ಕೆಳಗೇ. ಮಾಯವ್ವ ತಾಟುಗಳನ್ನು ತಂದು ಒಲೆಯ ಎದುರಿಗೇ ಸಾಲಾಗಿ ಇಟ್ಟಳು. ನಾಲ್ಕು ತಾಟು.

"ಇವತ್ತು ಎಲ್ಲಾರೂ ಕೂಡಿ ಉಣ್ಣೂದು. ಯವ್ವನೂ" ಎಂದಳು.

ನಮ್ಮಲ್ಲಿ ಸೊಸೆ ಮಾವನ ಸಾಲಿನಲ್ಲಿ ಕೂತು ಉಂಡದ್ದಿಲ್ಲ. ಶಾಂತವ್ವ ಈ ಮನೆಗೆ ಬಂದು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಇಲ್ಲ. "ನೀಡಾವ್ರು ಯಾರಬೇ ಮತ್ತ?" ಎಂದಳು.

"ನಡುವ ಇಡು. ಎಲ್ಲಾರಿಗೂ ಕೈ ಅದಾವಲ್ಲ."

ಸಿದ್ದಪ್ಪ ನನ್ನ ಮುಖ ನೋಡಿದ. ನಾನು ನನ್ನ ತಾಟಿನ ಮುಂದೆ ಕೂತೆ. ಶಾಂತವ್ವ ಕೊನೆಯ ತಾಟಿನ ಮುಂದೆ, ಸೆರಗು ಎಳೆದುಕೊಂಡು, ಅರ್ಧ ಒಲೆಯ ಕಡೆಗೆ ತಿರುಗಿ ಕೂತಳು. ನಾನು ಹೋಳಿಗೆ ಮುರಿದೆ. ತಿನ್ನದೆ ತಾಟಿಗೇ ಹಾಕಿದೆ. ಇನ್ನೆರಡು ವಾರಕ್ಕೆ ಹುಡುಗಿ ಬೀದರಿಗೆ ಹೋಗುತ್ತಾಳೆ. ಹೋಗುವಾಗಲೂ ಅವಳ ಅವ್ವ ಈ ಹೊಗೆಯಲ್ಲೇ ಕೂತಿರಬೇಕೇ?

"ಶಾಂತವ್ವಾ!" ಎಂದು ಕೂಗಿದೆ.

ಅವಳು ಬೆಚ್ಚಿ ಎದ್ದಳು. "ಏನ ಬೇಕ್ರಿ ಮಾವಾರ?"

"ಕೂಡ್ರು! ಏನೂ ಬ್ಯಾಡ. ಆ ಪೆಟ್ಟಿಗಿ ಕೆಡಿಸಿದಾಂವ ನಾನು. ನಿನ್ನ ಹಿಟ್ಟು ಅಲ್ಲ. ನನ್ನ ಕಂಬಳಿ, ನನ್ನ ಭಂಡಾರ. ನಿನಗ ಅನ್ನಬಾರದ್ದು ಅಂದೆ. ತಪ್ಪಾತು!"

ಅದನ್ನೂ ಬೈದ ಹಾಗೆಯೇ ಹೇಳಿದೆ. ಬೇರೆ ದನಿ ನನಗಿಲ್ಲ. ಎಮ್ಮೆ ತಲೆ ಎತ್ತಿ ನೋಡಿತು.

ಶಾಂತವ್ವ ತಾಟಿನಲ್ಲಿ ಬೆರಳಾಡಿಸುತ್ತ ಹೇಳಿದಳು: "ಗೊತ್ತೈತ್ರಿ ಮಾವಾರ. ಈಕಿ ಜಮಖಂಡಿಯಿಂದ ಬಂದ ದಿನಾನಽ ಹೇಳ್ಯಾಳ."

"ಇಪ್ಪತ್ತು ದಿನದಿಂದ ಗೊತ್ತಿತ್ತಽ? ಮತ್ತ ಒಳಗ ಯಾಕ ಬರಲಿಲ್ಲ?"

"ನೀವು ಹೇಳ್ತೀರಿ ಅಂತ ಕಾಯಾಕತ್ತಿದ್ದೆರಿ" ಎಂದಳು. ಎಮ್ಮೆಯ ಕಡೆ ನೋಡಿ, "ಅದಲ್ಲದ ಇಲ್ಲಿ ಎಮ್ಮಿ ಅದಾವು. ಬೈಯೂದಿಲ್ಲರಿ" ಎಂದಳು.

ಸಿದ್ದಪ್ಪನಿಗೆ ಸಾರು ನೆತ್ತಿಗೇರಿತು. ನಾನು ಮಾಯವ್ವನ ಕಡೆ ತಿರುಗಿದೆ. "ಡಾಕ್ಟರ್ ಆಗಾಕಿ, ಒಂದು ಗುಟ್ಟು ಹೊಟ್ಟ್ಯಾಗ ಇಟಗೊಳ್ಳಾಕ ಬರೂದಿಲ್ಲೇನಬೇ?"

"ದನದ ಡಾಕ್ಟರ್ ಅಜ್ಜಾ. ದನಾ ಯಾವ ಗುಟ್ಟೂ ಹೇಳೂದಿಲ್ಲ."

ಎಲ್ಲರೂ ನಕ್ಕರು. ಶಾಂತವ್ವನೂ ಸೆರಗಿನೊಳಗೆ ನಕ್ಕಳು. ಆಮೇಲೆ ಕೈ ಚಾಚಿ, ಗಂಡನನ್ನೂ ಮಗಳನ್ನೂ ದಾಟಿಸಿ, ಒಂದು ಬಿಸಿ ಹೋಳಿಗೆಯನ್ನು ನನ್ನ ತಾಟಿಗೆ ಹಾಕಿದಳು.

"ಆರಾಕತ್ತೈತಿ. ಸುಮ್ಮನ ಉಣ್ಣರಿ."

ಇಪ್ಪತ್ತು ವರ್ಷದಲ್ಲಿ ಅವಳು ನನಗೆ ಹಾಕಿದ ಮೊದಲ ಹುಕುಂ ಅದು. ಉಂಡೆ. ತುಪ್ಪ ಸ್ವಲ್ಪ ಕಡಿಮೆಯಾಗಿತ್ತು. ಹೇಳಲಿಲ್ಲ.